ಎರೆನೆಲದಲ್ಲಿ ಹೂತ ಪಿಕಪ್‌ಗೆ ಎಷ್ಟು ಬಲದ ವಿಂಚ್ ಬೇಕು?



ಹಿಂಗಾರು ಮಳೆ ಒಂದೆರಡು ಹದ ಬಿದ್ದ ಮೇಲೆ ಸಿರುಗುಪ್ಪದ ಕಡೆಯ ಹೊಲದ ದಾರಿಗಳು ಹೇಗಿರುತ್ತವೆ ಎಂಬುದನ್ನು ನೀವು ನೋಡಿರಬಹುದು. ಭತ್ತದ ಮೂಟೆ ಹೇರಿಕೊಂಡ ಪಿಕಪ್ ಗಾಡಿಯೊಂದು ಹೊಲದಿಂದ ಹೊರಟು ಡಾಂಬರು ರಸ್ತೆಯನ್ನು ಇನ್ನೇನು ತಲುಪಬೇಕು, ಅಷ್ಟರಲ್ಲಿ ಹಿಂದಿನ ಗಾಲಿ ಎರೆಮಣ್ಣಿನಲ್ಲಿ ಹೂತುಕೊಳ್ಳುತ್ತದೆ. ಚಾಲಕ ಎಂಜಿನ್ನಿಗೆ ಎಷ್ಟು ಬಿರುಸು ಕೊಟ್ಟರೂ ಗಾಲಿ ನಿಂತಲ್ಲೇ ತಿರುಗಿ ಇನ್ನಷ್ಟು ಆಳಕ್ಕೆ ಇಳಿಯುತ್ತದೆ. ಆಗ ಸುತ್ತಲಿನವರು ಸೇರುತ್ತಾರೆ. ಟ್ರ್ಯಾಕ್ಟರ್ ಸಿಕ್ಕರೆ ಹಗ್ಗ ಕಟ್ಟಿ ಎಳೆಯುತ್ತಾರೆ. ಟ್ರ್ಯಾಕ್ಟರ್ ಕೂಡ ಬರಲಾರದ ಜಾಗವಾದರೆ ನೆನಪಾಗುವ ಯಂತ್ರವೇ ವಿಂಚ್.

ವಿಂಚ್ ಕೊಳ್ಳಲು ಹೋದವರಿಗೆ ಅಂಗಡಿಯಲ್ಲಿ ಎದುರಾಗುವ ಮೊದಲ ಪ್ರಶ್ನೆ, ‘ಎಷ್ಟು ಪೌಂಡಿನದು ಕೊಡಲಿ?’ ಎಂಬುದು. 8,000, 9,500, 10,000, 12,000 ಎಂದು ಪೆಟ್ಟಿಗೆಯ ಮೇಲೆ ಅಂಕಿಗಳಿರುತ್ತವೆ. ಈ ಅಂಕಿಗಳ ಅರ್ಥವೇನು? ನಮ್ಮ ಗಾಡಿಗೆ ಯಾವುದು ಸರಿ? ದೊಡ್ಡದನ್ನೇ ಕೊಂಡರೆ ಆಗದೇ? ಇವಕ್ಕೆ ಉತ್ತರ ಹುಡುಕಲು ನಿಮ್ಮ ಪ್ರೌಢಶಾಲೆಯ ಭೌತಶಾಸ್ತ್ರದ ಪಾಠವೇ ಸಾಕು. ಆದರೆ ಲೆಕ್ಕ ತಪ್ಪಿದರೆ ಕಳೆದುಕೊಳ್ಳುವುದು ಬರೀ ಹಣವನ್ನಲ್ಲ. ಬಿಗಿದ ಹಗ್ಗದ ಪಕ್ಕದಲ್ಲಿ ನಿಂತವರ ಪ್ರಾಣವನ್ನೂ ಕಳೆದುಕೊಳ್ಳಬಹುದು. ಆದ್ದರಿಂದ ಒಂದೊಂದೇ ಹೆಜ್ಜೆಯಾಗಿ ನೋಡೋಣ.

ವಿಂಚ್ ಎಂದರೇನು?

ಬಾವಿಯ ರಾಟೆ ನಿಮಗೆಲ್ಲ ಗೊತ್ತು. ಹಿಂದೆ ಹೊಲಕ್ಕೆ ನೀರೆತ್ತುತ್ತಿದ್ದ ಕಪಿಲೆಯ ವಿಷಯವನ್ನು ಅಜ್ಜಂದಿರಿಂದ ಕೇಳಿರುತ್ತೀರಿ. ಅಲ್ಲಿ ಎತ್ತುಗಳು ಇಳಿಜಾರಿನಲ್ಲಿ ನಡೆದು ಹಗ್ಗವನ್ನು ಎಳೆಯುತ್ತಿದ್ದವು. ವಿಂಚಿನಲ್ಲಿ ಎತ್ತಿನ ಬದಲು ಒಂದು ವಿದ್ಯುತ್ ಮೋಟಾರು, ಅದಕ್ಕೆ ಜೋಡಿಸಿದ ಹಲ್ಲುಚಕ್ರಗಳು, ಕೊನೆಗೆ ಹಗ್ಗ ಸುತ್ತಿಕೊಳ್ಳುವ ಒಂದು ಉರುಳೆ ಇರುತ್ತವೆ. ಮೋಟಾರು ಬಹಳ ವೇಗವಾಗಿ, ಆದರೆ ಕಡಿಮೆ ಬಲದಿಂದ ತಿರುಗುತ್ತದೆ. ಹಲ್ಲುಚಕ್ರಗಳು ಆ ವೇಗವನ್ನು ನೂರಾರು ಪಟ್ಟು ತಗ್ಗಿಸಿ ಬಲವನ್ನು ಅದಕ್ಕೆ ತಕ್ಕಂತೆ ಹೆಚ್ಚಿಸುತ್ತವೆ. ಶಕ್ತಿ ಎಲ್ಲಿಂದಲೋ ಹೊಸದಾಗಿ ಹುಟ್ಟುವುದಿಲ್ಲ. ವೇಗವನ್ನು ಕೊಟ್ಟು ಬಲವನ್ನು ಪಡೆಯುತ್ತೇವೆ, ಅಷ್ಟೆ. ಭಾರ ಎಳೆಯುವಾಗ ವಿಂಚಿನ ಹಗ್ಗ ಇರುವೆ ಸಾಲಿನಂತೆ ನಿಧಾನವಾಗಿ ಸರಿಯುವುದು ಇದೇ ಕಾರಣಕ್ಕೆ.

ವಿಂಚಿನ ಸಾಮರ್ಥ್ಯವೆಂದರೆ ಅದು ಹಗ್ಗದ ಮೇಲೆ ಹಾಕಬಲ್ಲ ಗರಿಷ್ಠ ಎಳೆತ. 1 ಪೌಂಡ್ ಎಂದರೆ 0.4536 ಕಿಲೋ. ಹಾಗಾಗಿ 8,000 ಪೌಂಡಿನ ವಿಂಚ್ ಸುಮಾರು 3,630 ಕಿಲೋ, 9,500 ಪೌಂಡಿನದು 4,310 ಕಿಲೋ, 10,000 ಪೌಂಡಿನದು 4,540 ಕಿಲೋ, 12,000 ಪೌಂಡಿನದು 5,440 ಕಿಲೋ ಎಳೆಯಬಲ್ಲದು. ಇಲ್ಲಿ ‘ಕಿಲೋ’ ಎಂದರೆ ಅಷ್ಟು ಕಿಲೋ ತೂಕದ ವಸ್ತುವನ್ನು ಭೂಮಿ ಕೆಳಗೆಳೆಯುವಷ್ಟು ಬಲ. ನ್ಯೂಟನ್‌ನಲ್ಲಿ ಬೇಕಾದರೆ 9.8ರಿಂದ ಗುಣಿಸಿ.

ಈ ಬಲದ ಅಂದಾಜು ಸಿಗಬೇಕೇ? ಕುರುಗೋಡಿನ ದೊಡ್ಡಬಸವೇಶ್ವರನ ತೇರನ್ನು ನೆನೆಸಿಕೊಳ್ಳಿ. ಕಾಲೂರಿ ಹಗ್ಗ ಎಳೆಯುವ ಒಬ್ಬ ಮನುಷ್ಯ ಒಂದೇ ಸಮನೆ ಸುಮಾರು 25 ಕಿಲೋ ಬಲ ಹಾಕುತ್ತಾನೆ ಎಂದಿಟ್ಟುಕೊಂಡರೆ, 4,500 ಕಿಲೋ ಎಳೆತಕ್ಕೆ 180 ಜನ ಬೇಕು. ತೋಳಿನಲ್ಲಿ ಅಪ್ಪಿ ಹಿಡಿಯಬಹುದಾದಷ್ಟು ಚಿಕ್ಕ ಯಂತ್ರವೊಂದು 180 ಜನರ ಕೆಲಸ ಮಾಡುತ್ತಿದೆ ಎಂದಾಗ, ಅದರ ಹಗ್ಗಕ್ಕೆ ಎಷ್ಟು ಮರ್ಯಾದೆ ಕೊಡಬೇಕೆಂಬುದು ತಾನೇ ತಿಳಿಯುತ್ತದೆ.

ಮೊದಲ ಹೆಜ್ಜೆ: ಗಾಡಿಯ ನಿಜವಾದ ತೂಕ

ಅನೇಕರು ಗಾಡಿಯ ಎಂಜಿನ್ ಎಷ್ಟು ಅಶ್ವಶಕ್ತಿಯದು ಎಂದು ನೋಡಿ ವಿಂಚ್ ಆರಿಸುತ್ತಾರೆ. ಅದು ಸಂಬಂಧವಿಲ್ಲದ ಮಾತು. ವಿಂಚಿಗೆ ಬೇಕಾದದ್ದು ತೂಕ. ಅದೂ ಖಾಲಿ ಗಾಡಿಯದಲ್ಲ, ಹೇರು ಸಮೇತವಾದ ತೂಕ. ಗಾಡಿಯ ನೋಂದಣಿ ಪತ್ರದಲ್ಲಿ ಖಾಲಿ ತೂಕ ಮತ್ತು ಹೇರಿದಾಗಿನ ಗರಿಷ್ಠ ತೂಕ ಎರಡನ್ನೂ ನಮೂದಿಸಿರುತ್ತಾರೆ.

ನಮ್ಮ ಲೆಕ್ಕಕ್ಕೆ ಒಂದು ಗಾಡಿಯನ್ನು ಇಟ್ಟುಕೊಳ್ಳೋಣ. ಖಾಲಿ ತೂಕ 1,800 ಕಿಲೋ. ಅದರಲ್ಲಿ ತಲಾ 75 ಕಿಲೋದ 16 ಮೂಟೆ ಭತ್ತ, ಅಂದರೆ 1,200 ಕಿಲೋ. ಒಟ್ಟು 3,000 ಕಿಲೋ. ಇದೇ ಗಾಡಿಯಲ್ಲಿ 24 ಮೂಟೆ ಹೇರಿದರೆ ತೂಕ 3,600 ಕಿಲೋಗೆ ಏರುತ್ತದೆ. ಪತ್ರದಲ್ಲಿ ಬರೆದ ಮಿತಿಯನ್ನು ಮೀರಿ ಹೇರುವವರಿಗೆ ಯಾವ ಪೆಟ್ಟಿಗೆಯ ಮೇಲಿನ ಅಂಕಿಯೂ ಸರಿಹೋಗುವುದಿಲ್ಲ. ಆದ್ದರಿಂದ ಮಿತಿಯೊಳಗಿನ ಹೇರನ್ನೇ ಲೆಕ್ಕಕ್ಕೆ ಹಿಡಿಯೋಣ.

ಎರಡನೆಯ ಹೆಜ್ಜೆ: ನೆಲದ ಗುಣ

ಮೂರು ಸಾವಿರ ಕಿಲೋದ ಗಾಡಿಯನ್ನು ಎಳೆಯಲು ಮೂರು ಸಾವಿರ ಕಿಲೋ ಬಲ ಬೇಕೇ? ಗಟ್ಟಿ ಡಾಂಬರು ರಸ್ತೆಯ ಮೇಲಾದರೆ ಬೇಡ. ಅಲ್ಲಿ ಗಾಲಿ ಉರುಳಲು ತೂಕದ ಸುಮಾರು 50ರಲ್ಲಿ ಒಂದು ಭಾಗದಷ್ಟು ಬಲ ಸಾಕು. ಅಂದರೆ 60 ಕಿಲೋ. ಇಬ್ಬರು ಮೂವರು ಸೇರಿ ತಳ್ಳಬಹುದು. ನೆಲ ಮೆತ್ತಗಾದಂತೆ ಈ ಪ್ರಮಾಣ ಏರುತ್ತದೆ.

ನಮ್ಮ ಸೀಮೆಯಲ್ಲಿ ಮೂರು ಬಗೆಯ ನೆಲ ಹತ್ತಿರ ಹತ್ತಿರದಲ್ಲೇ ಸಿಗುತ್ತದೆ. ಬಳ್ಳಾರಿ ನಗರದ ಕೋಟೆ ಗುಡ್ಡ, ಕುರುಗೋಡಿನ ಬೆಟ್ಟಗಳು ಇವೆಲ್ಲ ಗ್ರಾನೈಟ್ ಬಂಡೆಗಳು. ಅವುಗಳ ಬುಡದಲ್ಲಿ ಕಲ್ಲು ಸವೆದು ಉಂಟಾದ ಕೆಂಪು ಮಸಾರಿ ಮಣ್ಣಿದೆ. ಮಳೆ ಬಂದರೂ ನೀರು ಬೇಗ ಬಸಿದುಹೋಗಿ ನೆಲ ಗಟ್ಟಿಯಾಗುತ್ತದೆ. ಬಳ್ಳಾರಿಯ ಪೂರ್ವಕ್ಕೆ ಹರಿದು ಸಿರುಗುಪ್ಪದ ಬಳಿ ತುಂಗಭದ್ರೆಯನ್ನು ಸೇರುವ ಹಗರಿಯ ಪಾತ್ರದಲ್ಲಿ ಉಸುಕು. ಒಣ ಉಸುಕಿನಲ್ಲಿ ಗಾಡಿ ಎಳೆಯಲು ತೂಕದ ನಾಲ್ಕನೇ ಒಂದು ಭಾಗದ ಆಸುಪಾಸಿನ ಬಲ ಬೇಕಾಗುತ್ತದೆ. ಇನ್ನು ಮೂರನೆಯದು, ಸಿರುಗುಪ್ಪದ ಬಯಲಿನ ಎರೆಭೂಮಿ.

ಎರೆಮಣ್ಣಿನ ಗುಣ ಬೇರೆಯೇ. ಅದರಲ್ಲಿ ಸ್ಮೆಕ್ಟೈಟ್ ಎಂಬ ಜಾತಿಯ ಜೇಡಿ ಖನಿಜ ಹೇರಳವಾಗಿದೆ. ಈ ಖನಿಜದ ಪದರಗಳ ನಡುವೆ ನೀರು ಹೊಕ್ಕಾಗ ಮಣ್ಣು ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಿರುಕು ಬಿಡುತ್ತದೆ. ಬೇಸಿಗೆಯಲ್ಲಿ ಕೈ ಹೋಗುವಷ್ಟು ಸೀಳು ಬಿಟ್ಟಿದ್ದ ಅದೇ ಹೊಲ, ಮಳೆಯಲ್ಲಿ ಅಂಟಿನಂತಾಗುತ್ತದೆ. ಗಾಲಿಯ ಹಲ್ಲುಗಳ ನಡುವೆ ಮೆತ್ತಿಕೊಂಡು ಟೈರನ್ನು ನುಣ್ಣಗಿನ ಉರುಳೆಯಾಗಿಸಿಬಿಡುತ್ತದೆ. ಹಿಡಿತವೇ ಇಲ್ಲದ ಗಾಲಿ ಮುಂದಕ್ಕೆ ಹೋಗುವ ಬದಲು ಕೆಳಕ್ಕೆ ತೋಡಿಕೊಳ್ಳುತ್ತದೆ. ಹೂತ ಮೇಲೆ ಗಾಲಿಯ ಮುಂದೆ ಮಣ್ಣಿನ ಗೋಡೆ, ಅಡಿಯಲ್ಲಿ ಹೀರಿ ಹಿಡಿಯುವ ಕೆಸರು. ತುಂಗಭದ್ರಾ ಕಾಲುವೆಯ ನೀರು ನಿಂತ ಭತ್ತದ ಗದ್ದೆಯ ಅಂಚಿನಲ್ಲಂತೂ ಮಳೆಯೇ ಬೇಕಿಲ್ಲ.

ಹೂತ ಗಾಡಿಗೆ ಎಷ್ಟು ಬಲ ಬೇಕೆಂಬುದಕ್ಕೆ ಸೈನಿಕ ವಾಹನಗಳನ್ನು ಎಳೆದು ತೆಗೆಯುವವರ ಕೈಪಿಡಿಗಳಲ್ಲಿ ಒಂದು ಸರಳ ಅಳತೆ ಬಳಕೆಯಲ್ಲಿದೆ. ಇದನ್ನು ನೆನಪಿಡಿ:

ಗಾಲಿಯ ನಡುಮಧ್ಯದವರೆಗೆ ಹೂತಿದ್ದರೆ — ಗಾಡಿ ಮತ್ತು ಹೇರಿನ ಒಟ್ಟು ತೂಕದಷ್ಟು ಬಲ.
ಮಡ್‌ಗಾರ್ಡ್‌ವರೆಗೆ ಹೂತಿದ್ದರೆ — ತೂಕದ ಎರಡರಷ್ಟು.
ಚಾಲಕನ ಕೋಣೆಯವರೆಗೆ ಮುಳುಗಿದ್ದರೆ — ತೂಕದ ಮೂರರಷ್ಟು.

ಏರು ಹತ್ತಿಸಬೇಕಾಗಿದ್ದರೆ ಅದಕ್ಕೆ ಇನ್ನಷ್ಟು ಸೇರಿಸಬೇಕು. ಇಳಿಜಾರಿನ ಪ್ರತಿ ಡಿಗ್ರಿಗೆ ತೂಕದ 60ರಲ್ಲಿ ಒಂದು ಭಾಗ ಎಂದು ಹಿಡಿದರೆ ಸಾಕು. ತ್ರಿಕೋನಮಿತಿ ಓದಿದವರು ಇದನ್ನು ಕೋನದ ಸೈನ್ ಬೆಲೆಯೊಂದಿಗೆ ಹೋಲಿಸಿ ನೋಡಿ. 15 ಡಿಗ್ರಿಯ ಸೈನ್ 0.259, ನಮ್ಮ ಸರಳ ಲೆಕ್ಕದಲ್ಲಿ 15/60, ಅಂದರೆ 0.25. ಎಷ್ಟು ಹತ್ತಿರವಿದೆ ನೋಡಿದಿರಾ?

ಮೂರನೆಯ ಹೆಜ್ಜೆ: ಲೆಕ್ಕ ಹಾಕೋಣ

ನಮ್ಮ 3,000 ಕಿಲೋದ ಗಾಡಿ ಗಾಲಿಯ ನಡುಮಧ್ಯದವರೆಗೆ ಹೂತಿದೆ. ಮುಂದೆ 15 ಡಿಗ್ರಿಯ ಕಾಲುವೆ ಏರಿಯನ್ನು ಹತ್ತಬೇಕಾಗಿದೆ. ಕೆಸರಿಗೆ 3,000, ಏರಿಗೆ 750. ಒಟ್ಟು 3,750 ಕಿಲೋ ಎಳೆತ ಬೇಕು.

ವಿಂಚ್ ಬಳಸುವವರಲ್ಲಿ ರೂಢಿಯಲ್ಲಿರುವ ಸೂತ್ರವೆಂದರೆ, ಹೇರು ಸಮೇತ ಗಾಡಿಯ ತೂಕದ ಒಂದೂವರೆ ಪಟ್ಟು ಸಾಮರ್ಥ್ಯದ ವಿಂಚ್ ಇರಬೇಕು. 3,000ದ ಒಂದೂವರೆ ಪಟ್ಟು 4,500. ಅಂದರೆ 10,000 ಪೌಂಡಿನ ವಿಂಚ್. ನಮಗೆ ಬೇಕಾದ 3,750 ಕಿಲೋ ಇದರೊಳಗೆ ಸೇರುತ್ತದೆ. ಸ್ವಲ್ಪ ಮಿಗುತ್ತದೆ ಕೂಡ. 8,000 ಪೌಂಡಿನದಾಗಿದ್ದರೆ 3,630 ಕಿಲೋಗೇ ನಿಂತು ಏದುಸಿರು ಬಿಡುತ್ತಿತ್ತು.

ಹಾಗಾದರೆ 12,000 ಪೌಂಡಿನದನ್ನೇ ಏಕೆ ಕೊಳ್ಳಬಾರದು? ದೊಡ್ಡ ವಿಂಚ್ ಎಂದರೆ ಗಾಡಿಯ ಮೂತಿಯ ಮೇಲೆ ಹೆಚ್ಚು ಭಾರ, ಬ್ಯಾಟರಿಗೆ ಹೆಚ್ಚು ಹೊರೆ. ಅದಕ್ಕಿಂತ ಮುಖ್ಯವಾಗಿ, ವಿಂಚನ್ನು ಬಿಗಿದ ಚಾಸಿಯೂ ಬೋಲ್ಟುಗಳೂ ಅಷ್ಟು ಎಳೆತವನ್ನು ತಾಳಬೇಕು. ಮೂರು ಟನ್ನಿನ ಗಾಡಿಯ ಚಾಸಿಗೆ ಐದೂವರೆ ಟನ್ ಎಳೆತ ಕೊಟ್ಟರೆ ಕೆಸರಿನಿಂದ ಗಾಡಿ ಬರುವ ಮೊದಲು ಗಾಡಿಯಿಂದ ವಿಂಚ್ ಕಿತ್ತು ಬರಬಹುದು.

ಪೆಟ್ಟಿಗೆಯ ಮೇಲೆ ಕಾಣದ ಸಂಗತಿ

ಈಗ ಬಹಳ ಜನ ಗಮನಿಸದ ಒಂದು ವಿಷಯ. ಪೆಟ್ಟಿಗೆಯ ಮೇಲಿನ ಸಾಮರ್ಥ್ಯ ಸಿಗುವುದು ಉರುಳೆಯ ಮೇಲೆ ಹಗ್ಗದ ಒಂದೇ ಸುತ್ತುಪದರ ಉಳಿದಿರುವಾಗ ಮಾತ್ರ. ಪದರದ ಮೇಲೆ ಪದರ ಸುತ್ತಿಕೊಂಡಂತೆ ಉರುಳೆಯ ತ್ರಿಜ್ಯ ಹೆಚ್ಚುತ್ತದೆ. ತಿರುಚುಬಲ ಅಷ್ಟೇ ಇದ್ದು ತ್ರಿಜ್ಯ ಹೆಚ್ಚಿದರೆ ಎಳೆತ ತಗ್ಗಲೇಬೇಕು. ಬಲ ಗುಣಿಸು ತ್ರಿಜ್ಯ ಎಂಬ ನಿಮ್ಮ ಪಾಠದ ಸೂತ್ರವೇ ಇದು.

ಉರುಳೆಯ ತ್ರಿಜ್ಯ 32 ಮಿ.ಮೀ., ಹಗ್ಗದ ದಪ್ಪ 8 ಮಿ.ಮೀ. ಎಂದಿಟ್ಟುಕೊಳ್ಳಿ. ಹಗ್ಗದ ನಡುವಿನಿಂದ ಅಳೆದರೆ ಮೊದಲ ಪದರದ ತ್ರಿಜ್ಯ 36 ಮಿ.ಮೀ., ಎರಡನೆಯದು 44, ಮೂರನೆಯದು 52, ನಾಲ್ಕನೆಯದು 60. ಆದ್ದರಿಂದ 4,500 ಕಿಲೋದ ವಿಂಚ್ ಎರಡನೆಯ ಪದರದಲ್ಲಿ ಸುಮಾರು 3,680, ಮೂರನೆಯದರಲ್ಲಿ 3,115, ನಾಲ್ಕನೆಯದರಲ್ಲಿ ಕೇವಲ 2,700 ಕಿಲೋ ಎಳೆಯುತ್ತದೆ. ನಮಗೆ ಬೇಕಾಗಿದ್ದದ್ದು 3,750! ಗಾಡಿಯ ಪಕ್ಕದಲ್ಲೇ ಇರುವ ಗೂಟಕ್ಕೆ ಹಗ್ಗ ಕಟ್ಟಿ, ಉರುಳೆ ತುಂಬ ಹಗ್ಗ ಉಳಿಸಿಕೊಂಡು ಎಳೆದರೆ, ಸರಿಯಾದ ವಿಂಚ್ ಕೊಂಡೂ ಗಾಡಿ ಅಲುಗುವುದಿಲ್ಲ. ದೂರದ ಆಸರೆಗೆ ಕಟ್ಟಿ ಹಗ್ಗವನ್ನು ಹೆಚ್ಚು ಬಿಚ್ಚಿದಷ್ಟೂ ಬಲ ಹೆಚ್ಚು. ಆದರೆ ಪೂರ್ತಿ ಬಿಚ್ಚಬಾರದು. ಉಕ್ಕಿನ ಹಗ್ಗವಾದರೆ ಕನಿಷ್ಠ ಐದು ಸುತ್ತು ಉರುಳೆಯ ಮೇಲೆ ಉಳಿದಿರಲೇಬೇಕು. ಹಗ್ಗದ ತುದಿಯನ್ನು ಹಿಡಿದಿರುವುದು ಆ ಸುತ್ತುಗಳ ಘರ್ಷಣೆಯೇ ಹೊರತು ತುದಿಯ ಸ್ಕ್ರೂ ಅಲ್ಲ.

ರಾಟೆಯೊಂದನ್ನು ಸೇರಿಸಿದರೆ

ಮಡ್‌ಗಾರ್ಡ್‌ವರೆಗೆ ಹೂತ ಗಾಡಿಗೆ 6,000 ಕಿಲೋ ಬೇಕು. ನಮ್ಮ ವಿಂಚಿಗೆ ಅದು ಮೀರಿದ್ದು. ಆಗ ದೊಡ್ಡ ವಿಂಚ್ ಹುಡುಕಬೇಕಿಲ್ಲ. ಎರಡು ಉಪಾಯಗಳಿವೆ.

ಮೊದಲನೆಯದು ಖರ್ಚಿಲ್ಲದ್ದು: ಮೂಟೆ ಇಳಿಸುವುದು. 16 ಮೂಟೆ ಇಳಿಸಿದರೆ ಗಾಡಿಯ ತೂಕ 1,800. ಅದರ ಎರಡರಷ್ಟು 3,600 ಕಿಲೋ. ಮೊದಲ ಪದರದಲ್ಲಿ ನಮ್ಮ ವಿಂಚಿಗೆ ಇದು ಸಾಧ್ಯ. ಜೊತೆಗೆ ಗಾಲಿಯ ಮುಂದಿನ ಮಣ್ಣನ್ನು ಸಲಿಕೆಯಿಂದ ತೆಗೆದು ಇಳಿಜಾರು ಮಾಡಿಕೊಟ್ಟರೆ ಬೇಕಾದ ಬಲ ಇನ್ನೂ ತಗ್ಗುತ್ತದೆ.

ಎರಡನೆಯದು, ಸ್ನ್ಯಾಚ್ ಬ್ಲಾಕ್ ಎಂಬ ಬಿಚ್ಚಿ ಮುಚ್ಚಬಹುದಾದ ರಾಟೆ. ಅದನ್ನು ಆಸರೆಗೆ ಕಟ್ಟಿ, ವಿಂಚಿನ ಹಗ್ಗವನ್ನು ಅದರ ಮೂಲಕ ಹಾಯಿಸಿ, ಕೊಕ್ಕೆಯನ್ನು ಮತ್ತೆ ಗಾಡಿಯ ಚಾಸಿಗೆ ಸಿಕ್ಕಿಸಬೇಕು. ಈಗ ಗಾಡಿಯನ್ನು ಎಳೆಯುವುದು ಒಂದಲ್ಲ, ಎರಡು ಎಳೆ ಹಗ್ಗ. ಬಲ ಇಮ್ಮಡಿ, ವೇಗ ಅರ್ಧ. ರಾಟೆಯ ಘರ್ಷಣೆಗೆ ಹತ್ತರಲ್ಲಿ ಒಂದು ಭಾಗ ಬಿಟ್ಟುಕೊಟ್ಟರೂ 4,500 ಕಿಲೋದ ವಿಂಚ್ 8,000 ಕಿಲೋ ಎಳೆಯುವಂತಾಗುತ್ತದೆ. ಹಗ್ಗ ಎರಡರಷ್ಟು ಬಿಚ್ಚುವುದರಿಂದ ಉರುಳೆಯ ಪದರಗಳು ಕಡಿಮೆಯಾಗುವುದು ಇನ್ನೊಂದು ಲಾಭ. ಆದರೆ ಮರೆಯಬೇಡಿ, ಎರಡೂ ಎಳೆಗಳ ಎಳೆತ ಒಟ್ಟಾಗಿ ಬೀಳುವುದು ರಾಟೆ ಮತ್ತು ಆಸರೆಯ ಮೇಲೆ.

ಆಸರೆ ಎಲ್ಲಿದೆ?

ವಿಂಚ್ ಎಷ್ಟೇ ಬಲವಾಗಿರಲಿ, ಹಗ್ಗ ಕಟ್ಟಲು ಆಸರೆ ಬೇಕು. ಕುರುಗೋಡಿನ ಕಡೆ ಹೂತುಕೂತ ಗ್ರಾನೈಟ್ ಬಂಡೆಗಳು ಸಿಗುತ್ತವೆ. ಸಿರುಗುಪ್ಪದ ಎರೆಬಯಲಿನಲ್ಲಿ ಬಂಡೆಯೂ ಇಲ್ಲ, ದೊಡ್ಡ ಮರವೂ ಅಪರೂಪ. ಎಲ್ಲೆಲ್ಲೂ ಕಾಣುವುದು ನಮ್ಮ ಊರಿನ ಹೆಸರನ್ನೇ ಹೊತ್ತ ಬಳ್ಳಾರಿ ಜಾಲಿ. ಬುಡದಿಂದಲೇ ಕವಲೊಡೆದ ಅದರ ಸಣ್ಣ ಕಾಂಡಗಳನ್ನು ನಂಬಿ ನಾಲ್ಕು ಟನ್ ಎಳೆತ ಹಾಕಬೇಡಿ. ದಪ್ಪ ಬೇವಿನ ಮರ ಸಿಕ್ಕರೆ ಬುಡದ ಬಳಿ ಅಗಲವಾದ ಪಟ್ಟಿ ಸುತ್ತಿ ಕಟ್ಟಬೇಕು. ಬರೀ ಉಕ್ಕಿನ ಹಗ್ಗ ಸುತ್ತಿದರೆ ತೊಗಟೆ ಕಡಿದು ಮರ ಒಣಗುತ್ತದೆ, ಹಗ್ಗವೂ ಹಾಳಾಗುತ್ತದೆ. ಮರವಿಲ್ಲದಿದ್ದರೆ ಗಟ್ಟಿ ನೆಲದ ಮೇಲೆ ನಿಲ್ಲಿಸಿ ಗಾಲಿಗೆ ಕಲ್ಲು ಕೊಟ್ಟ ಟ್ರ್ಯಾಕ್ಟರ್, ಅದೂ ಇಲ್ಲದಿದ್ದರೆ ಎಳೆತಕ್ಕೆ ಅಡ್ಡವಾಗಿ ಆಳದ ಗುಂಡಿ ತೋಡಿ ಹೂತ ದಪ್ಪ ಮರದ ದಿಮ್ಮಿ ಆಸರೆಯಾಗಬಲ್ಲದು. ವಿದ್ಯುತ್ ಕಂಬಕ್ಕೆ ಎಂದೂ ಕಟ್ಟಕೂಡದು.

ಒಂದು ಕೊಂಡಿಯ ಪಾಠ

ವಿಂಚ್, ಹಗ್ಗ, ಕೊಕ್ಕೆ, ಶ್ಯಾಕಲ್, ಪಟ್ಟಿ, ಆಸರೆ, ಚಾಸಿಯ ಬೋಲ್ಟು ಇವೆಲ್ಲ ಒಂದರ ಹಿಂದೆ ಒಂದು ನಿಂತು ಅದೇ ಎಳೆತವನ್ನು ಹೊರುತ್ತವೆ. ಇವುಗಳಲ್ಲಿ ಒಂದು ಸೋತರೂ ಉಳಿದವುಗಳ ಬಲದಿಂದ ಪ್ರಯೋಜನವಿಲ್ಲ.

ಈ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 2024ರ ಆಗಸ್ಟ್ 10ರ ರಾತ್ರಿ ಹೊಸಪೇಟೆಯ ತುಂಗಭದ್ರಾ ಅಣೆಕಟ್ಟಿನಲ್ಲಿ 19ನೆಯ ಕ್ರಸ್ಟ್ ಗೇಟಿನ ಸರಪಳಿಯ ಕೊಂಡಿ ತುಂಡಾಯಿತು, ಗೇಟು ಕೊಚ್ಚಿಹೋಯಿತು. ಅಣೆಕಟ್ಟಿನಲ್ಲಿ ಇದ್ದದ್ದು 33 ಗೇಟುಗಳು. ಸೋತದ್ದು ಒಂದರ ಸರಪಳಿ. ಆದರೂ ತುಂಬಿದ್ದ ಜಲಾಶಯದಿಂದ ಅಪಾರ ನೀರು ನದಿಗೆ ಹರಿದುಹೋಯಿತು. ಕಾಲುವೆ ನೀರನ್ನೇ ನಂಬಿ ಭತ್ತ ನಾಟಿ ಮಾಡುವ ಸಿರುಗುಪ್ಪ, ಕುರುಗೋಡು ತಾಲ್ಲೂಕುಗಳ ರೈತರು ಆ ವಾರವೆಲ್ಲ ಆತಂಕದಲ್ಲಿದ್ದರು. ಗೇಟು ತಜ್ಞ ಎನ್. ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಹರಿಯುವ ನೀರಿನಲ್ಲೇ ಉಕ್ಕಿನ ತಡೆಹಲಗೆಗಳನ್ನು ಇಳಿಸಿ, ಒಂದು ವಾರದೊಳಗೆ ನೀರನ್ನು ತಡೆದರು. ಭಾರ ಹೊರುವ ಪ್ರತಿಯೊಂದು ಕೊಂಡಿಯನ್ನೂ ಬಳಸುವ ಮೊದಲು ಪರೀಕ್ಷಿಸಬೇಕು, ಹಳೆಯದಾದರೆ ಬದಲಿಸಬೇಕು ಎಂಬುದು ಅಣೆಕಟ್ಟಿಗೂ ಅನ್ವಯಿಸುತ್ತದೆ, ಪಿಕಪ್ಪಿಗೂ ಅನ್ವಯಿಸುತ್ತದೆ.

ಆದ್ದರಿಂದ ಹಗ್ಗ ತುಂಡಾಗುವ ಬಲ ವಿಂಚಿನ ಗರಿಷ್ಠ ಎಳೆತಕ್ಕಿಂತ ಹೆಚ್ಚಿರಬೇಕು. ಶ್ಯಾಕಲ್ ಮೇಲೆ ಕೆತ್ತಿದ ‘ಕೆಲಸದ ಭಾರ’ದ ಅಂಕಿ ನೋಡಿಯೇ ಕೊಳ್ಳಬೇಕು. ಎಳೆ ಕಿತ್ತ, ತುಕ್ಕು ಹಿಡಿದ, ಗಂಟಾಗಿ ಮಡಚಿದ ಉಕ್ಕಿನ ಹಗ್ಗವನ್ನು ಎಸೆಯಬೇಕು. ಈಗ ಹೆಚ್ಚು ಬಳಕೆಗೆ ಬಂದಿರುವ ಕೃತಕ ನಾರಿನ ಹಗ್ಗ ಹಗುರ. ತುಂಡಾದರೂ ಉಕ್ಕಿನಷ್ಟು ಬಿರುಸಿನಿಂದ ಚಿಮ್ಮುವುದಿಲ್ಲ. ಆದರೆ ಚೂಪು ಕಲ್ಲು, ಬಿಸಿಲು, ಉಸುಕಿನ ಕಣ ಇವು ಅದನ್ನು ಬೇಗ ಸವೆಸುತ್ತವೆ.

ಬ್ಯಾಟರಿಯ ಕಷ್ಟ

4,500 ಕಿಲೋದ ವಿಂಚ್ ಪೂರ್ತಿ ಭಾರ ಎಳೆಯುವಾಗ 12 ವೋಲ್ಟಿನ ಬ್ಯಾಟರಿಯಿಂದ ಸುಮಾರು 400 ಆಂಪೇರ್ ವಿದ್ಯುತ್ ಹೀರುತ್ತದೆ. 12 ಗುಣಿಸು 400, ಅಂದರೆ 4,800 ವಾಟ್. 70 ಆಂಪೇರ್-ಗಂಟೆಯ ಬ್ಯಾಟರಿ ಕಾಗದದ ಲೆಕ್ಕದಲ್ಲಿ ಹತ್ತು ನಿಮಿಷ ಬಾಳುತ್ತದೆ. ನಿಜದಲ್ಲಿ ಅದಕ್ಕೂ ಬಹಳ ಮೊದಲೇ ಸೊರಗುತ್ತದೆ. ಆದುದರಿಂದ ಎಂಜಿನ್ ಚಾಲೂ ಇಟ್ಟು, ಅರ್ಧ ನಿಮಿಷ ಎಳೆದು ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಎಳೆಯಬೇಕು. ಮೋಟಾರು ಮುಟ್ಟಲಾರದಷ್ಟು ಬಿಸಿಯಾದರೆ ನಿಲ್ಲಿಸಬೇಕು.

ವರ್ಷಕ್ಕೊಂದೆರಡು ಸಲ ಮಾತ್ರ ಹೂತುಕೊಳ್ಳುವ ಗಾಡಿಗೆ ಇಷ್ಟೆಲ್ಲ ಬೇಕೇ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಕೈಯಿಂದ ಸನ್ನೆಗೋಲು ಆಡಿಸಿ ಎಳೆಯುವ ‘ಟಿರ್ಫರ್’ ಮಾದರಿಯ ವಿಂಚುಗಳು 1.6 ಟನ್, 3.2 ಟನ್ ಸಾಮರ್ಥ್ಯದಲ್ಲಿ ಸಿಗುತ್ತವೆ. ಬ್ಯಾಟರಿ ಬೇಡ, ಗಾಡಿಗೆ ಖಾಯಂ ಜೋಡಿಸಬೇಕಿಲ್ಲ; ಮೂಟೆ ಇಳಿಸಿ, ರಾಟೆಯೊಂದನ್ನು ಸೇರಿಸಿದರೆ ನಮ್ಮ ಗಾಡಿಗೆ 3.2 ಟನ್ನಿನದೇ ಸಾಕು. ಇನ್ನೊಂದು ಮಾತು: ಗಾಡಿಯ ಮುಂಭಾಗಕ್ಕೆ ಕಬ್ಬಿಣದ ಕಟ್ಟು ಹಾಕಿ ಅದರ ರೂಪ ಬದಲಿಸಲು ಮೋಟಾರು ವಾಹನ ಕಾಯಿದೆಯ 52ನೆಯ ಕಲಂನ ಕಟ್ಟುಪಾಡುಗಳಿವೆ. ಮುಂಭಾಗದ ಕ್ರ್ಯಾಶ್ ಗಾರ್ಡ್‌ಗಳ ವಿರುದ್ಧ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರ್‌ನಲ್ಲಿ ಸೂಚನೆ ಹೊರಡಿಸಿತು. ಆದ್ದರಿಂದ ವಿಂಚ್ ಜೋಡಿಸುವ ಮೊದಲು ಸಾರಿಗೆ ಕಚೇರಿಯಲ್ಲಿ ವಿಚಾರಿಸುವುದು ಲೇಸು.

ಹಗ್ಗದಿಂದ ದೂರ ನಿಲ್ಲಿ

ಬಿಗಿದ ಉಕ್ಕಿನ ಹಗ್ಗ ನೋಡಲು ಸುಮ್ಮನೆ ನಿಂತಂತೆ ಕಾಣುತ್ತದೆ. ಆದರೆ ಅದು ಹಿಗ್ಗಿದ ಸ್ಪ್ರಿಂಗ್. 4,500 ಕಿಲೋ, ಅಂದರೆ 44,100 ನ್ಯೂಟನ್ ಎಳೆತದಲ್ಲಿ 20 ಮೀಟರ್ ಹಗ್ಗ ಸುಮಾರು 30 ಸೆಂ.ಮೀ. ಹಿಗ್ಗಿದರೆ, ಅದರಲ್ಲಿ ಅಡಗಿದ ಶಕ್ತಿ ಬಲ ಮತ್ತು ಹಿಗ್ಗಿನ ಗುಣಲಬ್ಧದ ಅರ್ಧ: ಸುಮಾರು 6,600 ಜೂಲ್. 75 ಕಿಲೋದ ಭತ್ತದ ಮೂಟೆಯೊಂದು 9 ಮೀಟರ್ ಎತ್ತರದಿಂದ, ಮೂರಂತಸ್ತಿನ ಮಾಳಿಗೆಯ ಮೇಲಿಂದ, ಕೆಳಗೆ ನಿಂತವನ ಮೇಲೆ ಬಿದ್ದರೆ ಎಷ್ಟು ಪೆಟ್ಟೋ ಅಷ್ಟು. ಹಗ್ಗ ತುಂಡಾದರೆ ಈ ಶಕ್ತಿಯೆಲ್ಲ ಕ್ಷಣಾರ್ಧದಲ್ಲಿ ಚಾಟಿಯಂತೆ ಬೀಸುತ್ತದೆ.

ಗಾಡಿ ಹೂತಾಗ ಮೊದಲು ಓಡಿಬರುವವರು ಹುಡುಗರು, ನಿಮ್ಮ ವಯಸ್ಸಿನವರೇ. ಆದ್ದರಿಂದ ಇದನ್ನು ನಿಮಗೇ ಹೇಳಬೇಕಾಗಿದೆ. ಎಳೆಯುವಾಗ ಹಗ್ಗದ ಉದ್ದಕ್ಕಿಂತ ಹೆಚ್ಚು ದೂರ ನಿಲ್ಲಿ. ಹಗ್ಗವನ್ನು ದಾಟಬೇಡಿ, ಅದರ ಮೇಲೆ ಕಾಲಿಡಬೇಡಿ, ತೂಕಕ್ಕೆಂದು ಅದರ ಮೇಲೆ ಕೂರಬೇಡಿ. ಹಗ್ಗದ ನಡುವೆ ಒದ್ದೆ ಗೋಣಿಚೀಲ ಅಥವಾ ದಪ್ಪ ಕಂಬಳಿ ಹೊದಿಸಿದರೆ ತುಂಡಾದಾಗ ಚಿಮ್ಮುವುದು ತಗ್ಗುತ್ತದೆ. ಉಕ್ಕಿನ ಹಗ್ಗವನ್ನು ಚರ್ಮದ ಕೈಗವಸಿಲ್ಲದೆ ಮುಟ್ಟಬೇಡಿ. ಗಾಡಿ ಎಳೆಯುವ ವಿಂಚಿನಿಂದ ಬಾವಿಗೆ ಮನುಷ್ಯರನ್ನು ಇಳಿಸುವುದು, ಕೊಳವೆಬಾವಿಯ ಮೋಟಾರು ಎತ್ತುವುದು ಸಲ್ಲದು. ಭಾರವನ್ನು ನೇರವಾಗಿ ತೂಗುಹಾಕುವ ಕೆಲಸಕ್ಕೆ ಬೇರೆ ಬಗೆಯ ಬ್ರೇಕುಳ್ಳ ಯಂತ್ರಗಳಿವೆ.

ನೀವೇ ಲೆಕ್ಕ ಹಾಕಿ

1. ಕುರುಗೋಡಿನ ಬಳಿ 2,800 ಕಿಲೋ ತೂಕದ ಗಾಡಿ ಗಾಲಿಯ ನಡುಮಧ್ಯದವರೆಗೆ ಹೂತಿದೆ. ಮುಂದೆ 10 ಡಿಗ್ರಿಯ ಏರು. ಎಷ್ಟು ಎಳೆತ ಬೇಕು? ಒಂದೂವರೆ ಪಟ್ಟಿನ ಸೂತ್ರದಂತೆ ಎಷ್ಟು ಪೌಂಡಿನ ವಿಂಚ್ ಸರಿ?

2. ಹಗರಿಯ ಒಣ ಉಸುಕಿನಲ್ಲಿ 3,000 ಕಿಲೋದ ಗಾಡಿ ನಿಂತಿದೆ. ನಮ್ಮ 4,500 ಕಿಲೋದ ವಿಂಚಿನ ಉರುಳೆಯ ಮೇಲೆ ನಾಲ್ಕು ಪದರ ಹಗ್ಗವಿದೆ. ಗಾಡಿ ಹೊರಬರುವುದೇ?

3. ಸಿರುಗುಪ್ಪದ ಗದ್ದೆಯ ಅಂಚಿನಲ್ಲಿ 16 ಮೂಟೆ ಹೇರಿದ ನಮ್ಮ ಗಾಡಿ ಮಡ್‌ಗಾರ್ಡ್‌ವರೆಗೆ ಹೂತಿದೆ. ಏರು ಇಲ್ಲ. ಉರುಳೆಯ ಮೇಲೆ ಎರಡು ಪದರ ಹಗ್ಗವಿದೆ. ರಾಟೆ ಇಲ್ಲದಿದ್ದರೆ ಎಷ್ಟು ಮೂಟೆ ಇಳಿಸಬೇಕು? ರಾಟೆ ಇದ್ದರೆ?

ಉತ್ತರ: (1) ಸುಮಾರು 3,270 ಕಿಲೋ; 4,200 ಕಿಲೋ ಬೇಕಾಗುವುದರಿಂದ 9,500 ಪೌಂಡಿನದು. (2) ಬರುತ್ತದೆ, 750 ಕಿಲೋ ಸಾಕು, ವಿಂಚಿನಲ್ಲಿ 2,700 ಇದೆ. (3) ರಾಟೆ ಇಲ್ಲದಿದ್ದರೆ ಹದಿನಾರೂ ಮೂಟೆ. ರಾಟೆ ಇದ್ದರೆ ಒಂದನ್ನೂ ಇಳಿಸಬೇಕಿಲ್ಲ, ಆದರೆ ಆಸರೆ 6,000 ಕಿಲೋ ತಾಳಬೇಕು.